ಅಮ್ಮನ ಮನೆಯಲ್ಲಿ ಶುರುವಾದ ಪಾಠ: ಬ್ಯಾರಿ ಹ್ಯಾರಿಸ್ ಎಂಬ ಜಾಝ್ ಮೇಷ್ಟ್ರು

(ಸಂಗೀತ ಕೇಳುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೀಬೋರ್ಡ್ ಮೇಲೆ ನುಡಿಸಿ ತೋರಿಸಿದ ಕಡೆ ಇಲ್ಲಿ ಸ್ವರಗಳನ್ನು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಲಾವಿದರು ಮೇಷ್ಟ್ರಾಗುವುದರ ಬಗ್ಗೆ ನಮ್ಮ ತಲೆಯಲ್ಲಿ ಒಂದು ಸಿದ್ಧ ಕಥೆ ಇರುತ್ತದೆ. ಹರೆಯದಲ್ಲಿ ಕಛೇರಿ, ಹೆಸರು, ಊರೂರು ಓಡಾಟ. ವಯಸ್ಸಾದ ಮೇಲೆ, ಕರೆಯುವವರು ಕಡಿಮೆಯಾದ ಮೇಲೆ, ಮನೆಯಲ್ಲಿ ನಾಲ್ಕು ಮಕ್ಕಳಿಗೆ ಪಾಠ. ಇವತ್ತು ನಾನು ಹೇಳಲು ಹೊರಟಿರುವ ಮನುಷ್ಯನ ವಿಷಯದಲ್ಲಿ ಈ ಕಥೆ ತಲೆಕೆಳಗು. ಅವರು ಮೊದಲು ಮೇಷ್ಟ್ರಾದರು. ಊರಾಚೆ ಹೆಸರು ಬಂದದ್ದು ಆಮೇಲೆ. ಮತ್ತೆ ಕೊನೆಯವರೆಗೂ ಮೇಷ್ಟ್ರಾಗಿಯೇ ಉಳಿದರು.

ಅವರ ಹೆಸರು ಬ್ಯಾರಿ ಹ್ಯಾರಿಸ್. ಅಮೆರಿಕದ ಜಾಝ್ ಪಿಯಾನೊ ವಾದಕ. ಹುಟ್ಟಿದ್ದು 1929ರ ಡಿಸೆಂಬರ್ 15, ಡೆಟ್ರಾಯಿಟ್‌ನಲ್ಲಿ. ತೀರಿಕೊಂಡದ್ದು 2021ರ ಡಿಸೆಂಬರ್ 8, ಕೋವಿಡ್‌ನಿಂದ. 92 ತುಂಬಲು ಒಂದು ವಾರ ಬಾಕಿ ಇತ್ತು. ನಿಮ್ಮಲ್ಲಿ ಜಾಸ್ತಿ ಜನ ಈ ಹೆಸರು ಕೇಳಿರಲಿಕ್ಕಿಲ್ಲ. ಜಾಝ್ ಅಂದರೆ ನಮಗೆ ಲೂಯಿ ಆರ್ಮ್‌ಸ್ಟ್ರಾಂಗ್, ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್. ಅಷ್ಟು ಗೊತ್ತಿದ್ದರೇ ದೊಡ್ಡದು. ಆದರೆ ಜಾಝ್ ಕಲಿಯುತ್ತಿರುವ ಹುಡುಗ ಹುಡುಗಿಯರ ಹತ್ತಿರ ಹ್ಯಾರಿಸ್ ಹೆಸರು ಎತ್ತಿ ನೋಡಿ. ಕಣ್ಣರಳಿಸುತ್ತಾರೆ.

ಜಾಝ್ ನಮಗೆ ಪೂರ್ತಿ ಹೊರಗಿನದೂ ಅಲ್ಲ ಬಿಡಿ. ಚಾರ್ಲಿ ಮರಿಯಾನೊ ಎಂಬ ಬಾಸ್ಟನ್‌ನ ಸ್ಯಾಕ್ಸೊಫೋನ್ ವಾದಕ ನಾಗಸ್ವರ ಕಲಿತು, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಎಂಬ ರೆಕಾರ್ಡ್ ಮಾಡಿದರು. ಅದು ಇನ್ನೊಂದು ದಿನದ ಮಾತು. ಇವತ್ತು ಡೆಟ್ರಾಯಿಟ್‌ಗೆ ಹೋಗೋಣ.

ಡೆಟ್ರಾಯಿಟ್ ಕಾರಿನ ಊರು. ಫೋರ್ಡ್, ಜನರಲ್ ಮೋಟರ್ಸ್, ಕ್ರೈಸ್ಲರ್ ಎಲ್ಲ ಅಲ್ಲೇ. ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ ಅಂತ ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಸಂಸಾರ ಸಮೇತ ಅಲ್ಲಿಗೆ ಬಂದರು. ಸಂಬಳ ಬಂತು. ಕೆಲವು ಮನೆಗಳಿಗೆ ಪಿಯಾನೊನೂ ಬಂತು. ಭಾನುವಾರ ಚರ್ಚಿನಲ್ಲಿ ಹಾಡು, ವಾರವೆಲ್ಲ ಶಾಲೆಯಲ್ಲಿ ಬ್ಯಾಂಡ್. ಇದರಿಂದ ಏನಾಯಿತು ನೋಡಿ. ಟಾಮಿ ಫ್ಲಾನಗನ್, ಕೆನ್ನಿ ಬರೆಲ್, ಪಾಲ್ ಚೇಂಬರ್ಸ್, ಡೊನಾಲ್ಡ್ ಬರ್ಡ್, ಕರ್ಟಿಸ್ ಫುಲ್ಲರ್, ಯೂಸೆಫ್ ಲತೀಫ್, ಎಲ್ವಿನ್ ಜೋನ್ಸ್. ಇವರೆಲ್ಲ ಆ ಊರಿನಲ್ಲೋ ಸುತ್ತಮುತ್ತಲೋ ಬೆಳೆದವರು, ಹೆಚ್ಚು ಕಡಿಮೆ ಒಂದೇ ಕಾಲದವರು. 1950ರ ದಶಕದ ಯಾವುದೇ ಒಳ್ಳೆ ಜಾಝ್ ರೆಕಾರ್ಡಿನ ಹಿಂಬದಿ ತಿರುಗಿಸಿ ನೋಡಿದರೆ ಇವರಲ್ಲಿ ಒಬ್ಬರಾದರೂ ಸಿಗುವ ಸಾಧ್ಯತೆ ಜಾಸ್ತಿ.

ಹ್ಯಾರಿಸ್ ಅವರ ತಾಯಿ ಬೆಸ್ಸಿ ಚರ್ಚಿನಲ್ಲಿ ಪಿಯಾನೊ ನುಡಿಸುತ್ತಿದ್ದರು. ಮಗನಿಗೆ ನಾಲ್ಕನೇ ವಯಸ್ಸಿನಲ್ಲೇ ಪಾಠ ಶುರು ಮಾಡಿದರು. ಸ್ವಲ್ಪ ದೊಡ್ಡವನಾದ ಮೇಲೆ ಕೇಳಿದರಂತೆ: ಚರ್ಚಿನ ಸಂಗೀತ ನುಡಿಸುತ್ತೀಯೋ, ಜಾಝ್ ನುಡಿಸುತ್ತೀಯೋ? ಹುಡುಗ ಜಾಝ್ ಅಂದ. ಆಯ್ತು ಅಂತ ಬಿಟ್ಟುಬಿಟ್ಟರು. ಆ ಕಾಲದಲ್ಲಿ ಚರ್ಚಿಗೆ ನಡೆದುಕೊಳ್ಳುವ ಎಷ್ಟೋ ಮನೆಗಳಲ್ಲಿ ಜಾಝ್ ಅಂದರೆ ಕ್ಲಬ್ಬು, ಕುಡಿತ, ಕೆಟ್ಟ ಸಹವಾಸ. ಹಾಗಿರುವಾಗ ಈ ತಾಯಿ ಒಂದೇ ಮಾತಿಗೆ ಒಪ್ಪಿದ್ದು ಸಣ್ಣ ವಿಷಯ ಅಲ್ಲ. ಅಷ್ಟೇ ಅಲ್ಲ, ಮುಂದೆ ಅದೇ ಮನೆಯಲ್ಲಿ ಊರ ಹುಡುಗರೆಲ್ಲ ಬಂದು ಕೂರುವುದಕ್ಕೂ ಆಕೆ ಬೇಡ ಅನ್ನಲಿಲ್ಲ.

ಈಗ ಆ ಹುಡುಗ ಏನು ಕೇಳುತ್ತಿದ್ದ ಅಂತ ಹೇಳಬೇಕು. 1940ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಬೀಬಾಪ್ ಅಂತ ಒಂದು ಶೈಲಿ ಹುಟ್ಟಿತು. ಸ್ಯಾಕ್ಸೊಫೋನ್‌ನಲ್ಲಿ ಚಾರ್ಲಿ ಪಾರ್ಕರ್, ಟ್ರಂಪೆಟ್‌ನಲ್ಲಿ ಡಿಝಿ ಗಿಲೆಸ್ಪಿ, ಪಿಯಾನೊದಲ್ಲಿ ಬಡ್ ಪೊವೆಲ್, ಥೆಲೋನಿಯಸ್ ಮಂಕ್. ಅದಕ್ಕೆ ಮೊದಲು ಜಾಝ್ ಅಂದರೆ ಜನ ಕುಣಿಯುವ ಸಂಗೀತ. ಬೀಬಾಪ್‌ಗೆ ಕುಣಿಯುವುದು ಕಷ್ಟ. ಸುಮ್ನೆ ಕೂತು ಕೇಳಬೇಕು. ಭಾರಿ ವೇಗ. ಅದರ ಮೇಲೆ, ಕೆಳಗಿನ ಕಾರ್ಡ್‌ಗಳು ಒಂದೇ ಸಮ ಬದಲಾಗುತ್ತಿರುತ್ತವೆ.

ಕಾರ್ಡ್ ಅಂದರೆ ಗೊತ್ತಲ್ವಾ? ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತುವುದು. ನಮ್ಮಲ್ಲಿ ಮನೋಧರ್ಮ ಸಂಗೀತ ಹಾಡುವಾಗ ತಂಬೂರಿ ಒಂದೇ ಶ್ರುತಿಯಲ್ಲಿ ನಿಂತಿರುತ್ತದೆ. ರಾಗ ಅದರ ಮೇಲೆ ಹರಡಿಕೊಳ್ಳುತ್ತದೆ. ಜಾಝ್‌ನಲ್ಲಿ ಕೆಳಗಿನ ನೆಲವೇ ಎರಡೆರಡು ಸೆಕೆಂಡಿಗೆ ಜಾಗ ಬದಲಿಸುತ್ತದೆ. ಸೋಲೊ ನುಡಿಸುವವರು ಅದಕ್ಕೆ ಹೊಂದುವ ಹಾಗೆ, ಆ ಕ್ಷಣದಲ್ಲೇ, ಹೊಸ ಹಾಡು ಕಟ್ಟಬೇಕು. ಪಾರ್ಕರ್ ಇದನ್ನು ನೀರು ಕುಡಿದ ಹಾಗೆ ಮಾಡುತ್ತಿದ್ದರು. ಹೇಗೆ ಅಂತ ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಪುಸ್ತಕ ಇಲ್ಲ, ಕ್ಲಾಸ್ ಇಲ್ಲ. ರೆಕಾರ್ಡ್ ಹಾಕಿ, ಸೂಜಿ ಎತ್ತಿ, ಮತ್ತೆ ಹಿಂದಕ್ಕೆ ಇಟ್ಟು, ಕೇಳಿ ಕೇಳಿ ಕಲಿಯಬೇಕು.

ಹ್ಯಾರಿಸ್ ಹಾಗೆಯೇ ಕಲಿತರು. ಬ್ಲೂ ಬರ್ಡ್ ಇನ್ ಅಂತ ಡೆಟ್ರಾಯಿಟ್‌ನ ಹೆಸರಾಂತ ಕ್ಲಬ್. ಅಲ್ಲಿನ ಬ್ಯಾಂಡಿನಲ್ಲಿ ಪಿಯಾನೊ ನುಡಿಸುವ ಕೆಲಸ ಸಿಕ್ಕಿತು. ಹೊರಗಿನಿಂದ ಬಂದ ದೊಡ್ಡವರಿಗೆಲ್ಲ ಜೊತೆಗೂಡಿ ನುಡಿಸಿದರು. ಪಾರ್ಕರ್ ಊರಿಗೆ ಬಂದಾಗ ಅವರ ಜೊತೆಗೂ ವೇದಿಕೆ ಹತ್ತಿದರು. ರಾತ್ರಿ ಕ್ಲಬ್. ಹಗಲು?

ಹಗಲು ಅಮ್ಮನ ಮನೆಯಲ್ಲಿ ಪಾಠ. ಆಗ ಅವರಿಗೆ ಇಪ್ಪತ್ತು ದಾಟಿತ್ತು ಅಷ್ಟೆ. ಕಲಿಯಲು ಬರುತ್ತಿದ್ದವರು ಯಾರು ಅಂದರೆ, ಮುಂದೆ ಹೆಸರಾಂತ ಸ್ಯಾಕ್ಸೊಫೋನ್ ವಾದಕರಾದ ಜೋ ಹೆಂಡರ್ಸನ್, ಚಾರ್ಲ್ಸ್ ಮೆಕ್‌ಫರ್ಸನ್. ಟ್ರಂಪೆಟ್‌ನ ಲಾನಿ ಹಿಲಿಯರ್. ಗಮನಿಸಿ, ಇವರು ಯಾರೂ ಪಿಯಾನೊದವರಲ್ಲ. ಅವರಿಗೆ ಹ್ಯಾರಿಸ್ ಬೆರಳು ಇಡುವುದನ್ನು ಹೇಳಿಕೊಡಲು ಆಗುತ್ತಿರಲಿಲ್ಲ. ಊದುವುದನ್ನಂತೂ ಇಲ್ಲವೇ ಇಲ್ಲ. ಹೇಳಿಕೊಡಬಹುದಾಗಿದ್ದು ಒಂದೇ: ಯೋಚಿಸುವ ರೀತಿ. ಅವರ ಪಾಠ ಕೊನೆವರೆಗೂ ಹಾಗೇ ಉಳಿಯಿತು. ಗಿಟಾರಿನವರು, ಹಾಡುವವರು, ಸ್ಯಾಕ್ಸೊಫೋನ್‌ನವರು ಎಲ್ಲರೂ ಒಂದೇ ಪಾಠಕ್ಕೆ ಬರುತ್ತಿದ್ದರು.

ಮೆಕ್‌ಫರ್ಸನ್ ಸಂದರ್ಶನಗಳಲ್ಲಿ ಹೇಳುವ ಒಂದು ಘಟನೆ ಇದೆ. ಅವರ ಮನೆ ಹ್ಯಾರಿಸ್ ಮನೆಗೆ ಹತ್ತಿರ. ಒಂದು ದಿನ ಶಾಲೆಯಿಂದ ನೇರ ಪಾಠಕ್ಕೆ ಬಂದರು, ಕೈಯಲ್ಲಿ ಮಾರ್ಕ್ಸ್ ಕಾರ್ಡ್. ಹ್ಯಾರಿಸ್ ಇಸಕೊಂಡು ನೋಡಿದರು. ಎಲ್ಲ ಸಿ ದರ್ಜೆ. ಫೇಲೂ ಇಲ್ಲ, ಹೆಚ್ಚೂ ಇಲ್ಲ. ನೀನು ತೀರಾ ಸಾಧಾರಣ ಹುಡುಗ ಕಣೋ ಎಂಬರ್ಥದ ಮಾತು ಹೇಳಿದರು. ನೀನು ಆರಾಧಿಸುವ ಚಾರ್ಲಿ ಪಾರ್ಕರ್ ಸಾಧಾರಣ ಮನುಷ್ಯ ಅಲ್ಲ, ಈ ಸಂಗೀತ ನುಡಿಸಬೇಕಾದರೆ ತಲೆಯೂ ಚುರುಕಾಗಿರಬೇಕು ಅಂದರು. ಹುಡುಗನಿಗೆ ನಾಟಿತು. ಪುಸ್ತಕ ಹಿಡಿದ, ಮಾರ್ಕ್ಸ್ ಏರಿತು. ಸಂಗೀತದ ಮೇಷ್ಟ್ರು ಗಣಿತ, ವಿಜ್ಞಾನದ ಮಾರ್ಕ್ಸ್ ನೋಡುವುದು ನನಗೆ ತುಂಬಾ ಇಷ್ಟವಾದ ವಿಷಯ. ಆ ಮನೆಯಲ್ಲಿ ಪದಬಂಧ ಬಿಡಿಸುವುದು, ಓದಿದ ಪುಸ್ತಕದ ಬಗ್ಗೆ ಹರಟುವುದು ಎಲ್ಲ ನಡೆಯುತ್ತಿತ್ತಂತೆ.

ಹ್ಯಾರಿಸ್ ಅವರ ಪದ್ಧತಿ ಹುಟ್ಟಿದ್ದು ಈ ಹುಡುಗರಿಂದ ಅಂತ ನನ್ನ ಗುಮಾನಿ. ತಾನೇ ನುಡಿಸುವಾಗ ಕೈ ತಾನಾಗಿ ಓಡುತ್ತದೆ. ಯಾಕೆ ಹೀಗೆ ಅಂತ ಕೇಳಿಕೊಳ್ಳುವ ಅಗತ್ಯ ಇರುವುದಿಲ್ಲ. ಎದುರಿಗೆ ಹದಿನೈದು ವರ್ಷದ ಹುಡುಗ ಕೂತು, ಪಾರ್ಕರ್ ನುಡಿಸಿದರೆ ಸರಿ ಕೇಳಿಸುತ್ತದೆ, ಅದೇ ಸ್ವರ ನಾನು ನುಡಿಸಿದರೆ ಯಾಕೆ ತಪ್ಪು ಕೇಳಿಸುತ್ತದೆ ಅಂತ ಕೇಳಿದಾಗ ಉತ್ತರ ಹುಡುಕಲೇಬೇಕು.

ಆ ಉತ್ತರ ಎಂಥದ್ದು ಅಂತ ಸ್ವಲ್ಪ ತೋರಿಸುತ್ತೇನೆ. ನಮ್ಮ ಸ್ವರಗಳಲ್ಲೇ ಹೇಳುತ್ತೇನೆ, ಸುಲಭ ಆಗುತ್ತದೆ.

ಹರಿಕಾಂಭೋಜಿಯ ಅವರೋಹಣ ತೆಗೆದುಕೊಳ್ಳಿ. ಸ ನಿ ದ ಪ ಮ ಗ ರಿ ಸ. ನಿಷಾದ ಕೈಶಿಕಿ. ಜಾಝ್‌ನವರು ಇದನ್ನು ಡಾಮಿನೆಂಟ್ ಸ್ಕೇಲ್ ಅನ್ನುತ್ತಾರೆ. ಸ್ಕೇಲ್ ಅಂದರೆ ಸ್ವರಗಳ ಸಾಲು. ಇದರ ಕಾರ್ಡ್‌ನಲ್ಲಿ, ಅಂದರೆ ಡಾಮಿನೆಂಟ್ ಕಾರ್ಡ್‌ನಲ್ಲಿ, ಇರುವುದು ಸ, ಗ, ಪ, ನಿ. ಈಗ ನಾಲ್ಕು ಪೆಟ್ಟಿನ ತಾಳ ಹಾಕಿ. ಪೆಟ್ಟಿಗೆ ಎರಡು ಸ್ವರದಂತೆ ಇಳಿಯಿರಿ.

ಸನಿ, ದಪ, ಮಗ, ರಿಸ.

ಪೆಟ್ಟಿನ ಮೇಲೆ ಬಿದ್ದ ಸ್ವರ ಯಾವುವು? ಸ, ದ, ಮ, ರಿ. ಕಾರ್ಡ್‌ನ ಸ್ವರಗಳಲ್ಲಿ ಮೊದಲ ಸ ಒಂದು ಬಿಟ್ಟರೆ ಗ, ಪ, ನಿ ಎಲ್ಲ ಪೆಟ್ಟಿನ ಮಧ್ಯ ಸಿಕ್ಕಿಹಾಕಿಕೊಂಡವು. ಎಡಗೈ ಒಂದು ಹೇಳುತ್ತಿದೆ, ಬಲಗೈ ಇನ್ನೊಂದು ಹೇಳುತ್ತಿದೆ. ಒಂದು ಸ್ವರವೂ ತಪ್ಪಿಲ್ಲ, ಆದರೂ ಕೇಳಿದರೆ ಏನೋ ಸರಿ ಇಲ್ಲ ಅನ್ನಿಸುತ್ತದೆ. ಆ ಹುಡುಗನ ದೂರು ಇದೇ.

ಈಗ ಹ್ಯಾರಿಸ್ ಹೇಳುವ ಮದ್ದು. ಮೇಲಿನ ಷಡ್ಜಕ್ಕೂ ಕೈಶಿಕಿ ನಿಷಾದಕ್ಕೂ ನಡುವೆ ಕಾಕಲಿ ನಿಷಾದ ಒಂದನ್ನು ಸೇರಿಸಿ. ಏಳು ಇದ್ದದ್ದು ಎಂಟಾಯಿತು.

ಸನಿ, ನಿದ, ಪಮ, ಗರಿ.

ಈಗ ಪೆಟ್ಟಿನ ಮೇಲೆ ಬಿದ್ದದ್ದು ಸ, ಕೈಶಿಕಿ ನಿ, ಪ, ಗ. ಪೂರ್ತಿ ಕಾರ್ಡ್! ಮುಂದಿನ ಆವರ್ತಕ್ಕೆ ಸರಿಯಾಗಿ ಷಡ್ಜಕ್ಕೆ ಬಂದು ನಿಲ್ಲುತ್ತೀರಿ. ಹರಿಕಾಂಭೋಜಿ ಹಾಡುವವರು ಬೇಸರ ಮಾಡಿಕೊಳ್ಳಬೇಡಿ, ಇಲ್ಲಿ ಪ್ರಶ್ನೆ ರಾಗದ್ದಲ್ಲ, ಲೆಕ್ಕದ್ದು. ಷಡ್ಜದ ಬದಲು ಬೇರೆ ಸ್ವರದಿಂದ ಇಳಿಯಲು ಶುರು ಮಾಡಿದರೆ ಲೆಕ್ಕ ಬೇರೆ ಆಗುತ್ತದೆ. ಯಾವ ಸ್ವರದಿಂದ ಹೊರಟರೆ ಎಲ್ಲೆಲ್ಲಿ ಎಷ್ಟು ಸ್ವರ ಸೇರಿಸಬೇಕು ಅನ್ನುವುದಕ್ಕೆ ಹ್ಯಾರಿಸ್ ಒಂದು ನಿಯಮಾವಳಿಯನ್ನೇ ಮಾಡಿಟ್ಟರು. ಹಳೇ ರೆಕಾರ್ಡುಗಳಲ್ಲಿ ಪಾರ್ಕರ್, ಪೊವೆಲ್ ಇದನ್ನೇ ಮಾಡಿದ್ದಾರೆ. ಅವರ ಕೈಗೆ ಗೊತ್ತಿತ್ತು. ಹ್ಯಾರಿಸ್ ಅದನ್ನು ಬೇರೆಯವರ ತಲೆಗೆ ಹೋಗುವ ಹಾಗೆ ಮಾಡಿದರು.

ಎರಡನೆಯದು ಇನ್ನೂ ಚೆಂದ. ಇದು ಅವರದೇ ಮುದ್ರೆ ಇರುವ ಪಾಠ. ಶಂಕರಾಭರಣದ ಏಳು ಸ್ವರ ಇಟ್ಟುಕೊಳ್ಳಿ. ಪಂಚಮಕ್ಕೂ ಚತುಶ್ರುತಿ ಧೈವತಕ್ಕೂ ನಡುವೆ ಶುದ್ಧ ಧೈವತ ಸೇರಿಸಿ. ಸ ರಿ ಗ ಮ ಪ ದ ದ ನಿ. ಎಂಟು. ಈಗ ಒಂದು ಬಿಟ್ಟು ಒಂದು ಆರಿಸಿ. ಸ, ಗ, ಪ, ಚತುಶ್ರುತಿ ದ. ಇದು ಸಿಕ್ಸ್ತ್ ಕಾರ್ಡ್. ಮನೆಗೆ ಬಂದು ಕೂತ ಹಾಗೆ ಕೇಳಿಸುತ್ತದೆ. ಉಳಿದದ್ದು ರಿ, ಮ, ಶುದ್ಧ ದ, ನಿ. ಇದು ಡಿಮಿನಿಶ್ಡ್ ಕಾರ್ಡ್. ಎಲ್ಲೋ ಹೊರಟ ಹಾಗೆ, ನಿಲ್ಲಲಾಗದ ಹಾಗೆ ಕೇಳಿಸುತ್ತದೆ. ಸ್ಕೇಲ್ ಹತ್ತುತ್ತಾ ಪ್ರತಿ ಸ್ವರಕ್ಕೂ ಕಾರ್ಡ್ ಹಿಡಿದರೆ ಏನಾಗುತ್ತದೆ ಕೇಳಿ. ಮನೆ, ಹೊರಗೆ, ಮನೆ, ಹೊರಗೆ, ಮನೆ, ಹೊರಗೆ. ಒಂದೇ ಕಾರ್ಡ್ ಅಂತ ಬರೆದಿರುವ ಕಡೆ ಕೈ ಇಡೀ ಕೀಬೋರ್ಡ್ ಸುತ್ತಿ ಬರುತ್ತದೆ.

ಮಾಮೂಲಿ ಪಾಠದಲ್ಲಿ ಕಾರ್ಡ್ ಅಂದರೆ ಒಂದು ಹಿಡಿತ. ಹಿಡಿ, ಬಿಡು, ಮುಂದಿನದು ಹಿಡಿ. ಹ್ಯಾರಿಸ್‌ಗೆ ಇದು ಕಂಡರೆ ಆಗುತ್ತಿರಲಿಲ್ಲ. ಕಾರ್ಡ್ ನಿಂತಿರುವ ವಸ್ತು ಅಲ್ಲ, ಚಲಿಸುವಂಥದ್ದು, ಸ್ಕೇಲಿನಿಂದ ಹುಟ್ಟಿ ಸ್ಕೇಲಿನ ಮೇಲೇ ಓಡಾಡುವಂಥದ್ದು ಅಂತ ಅವರ ವಾದ. ಮನೆಯ ಕಾರ್ಡ್ ಹಿಡಿದಿರುವಾಗ ಹೊರಗಿನ ಕಾರ್ಡ್‌ನಿಂದ ಒಂದು ಸ್ವರ ಸಾಲ ತರಬಹುದು. ಆಗ ಹುಟ್ಟುವ ಬಣ್ಣಕ್ಕೆ ಬೇರೆಯವರು ಉದ್ದುದ್ದ ಹೆಸರಿಡುತ್ತಾರೆ. ಹ್ಯಾರಿಸ್‌ಗೆ ಅದು ಸಾಲ, ಅಷ್ಟೆ. ತಂದದ್ದನ್ನು ಮುಂದಿನ ಹೆಜ್ಜೆಯಲ್ಲಿ ವಾಪಸ್ ಕೊಡಿ.

ಮೂರನೆಯದಕ್ಕೆ ಒಂದು ಪುರಾಣವನ್ನೇ ಕಟ್ಟಿದ್ದರು. ಹನ್ನೆರಡು ಸ್ವರಗಳ ಪೂರ್ತಿ ಸಾಲು ಸೃಷ್ಟಿಯ ಮೂಲ. ಅದರಿಂದ ಒಂದು ಬಿಟ್ಟು ಒಂದು ತೆಗೆದರೆ ಆರಾರು ಸ್ವರದ ಎರಡು ಸ್ಕೇಲ್ ಬರುತ್ತವೆ. ಅವು ಗಂಡು, ಹೆಣ್ಣು. ಅವರಿಗೆ ಮೂರು ಮಕ್ಕಳು. ಆ ಮೂರು ಮಕ್ಕಳೇ ಮೂರು ಡಿಮಿನಿಶ್ಡ್ ಕಾರ್ಡ್‌ಗಳು. ಪ್ರತಿಯೊಂದರಲ್ಲೂ ಎರಡು ಸ್ವರ ಅಪ್ಪನದು, ಎರಡು ಅಮ್ಮನದು. ಲೆಕ್ಕ ಹಾಕಿ ನೋಡಿ, ನಿಜವಾಗಿಯೂ ಹಾಗೇ ಇದೆ. ಆ ಕಾರ್ಡ್‌ನ ನಾಲ್ಕು ಸ್ವರದಲ್ಲಿ ಯಾವುದಾದರೂ ಒಂದನ್ನು ಅರ್ಧ ಮೆಟ್ಟಿಲು, ಅಂದರೆ ಹನ್ನೆರಡರ ಸಾಲಿನಲ್ಲಿ ಪಕ್ಕದ ಸ್ವರಕ್ಕೆ, ಇಳಿಸಿ. ಒಂದು ಡಾಮಿನೆಂಟ್ ಕಾರ್ಡ್ ಹುಟ್ಟುತ್ತದೆ. ನಾಲ್ಕು ಸ್ವರಕ್ಕೆ ನಾಲ್ಕು. ಮೂರು ನಾಲ್ಕಲಿ ಹನ್ನೆರಡು. ಸಂಗೀತದಲ್ಲಿರುವ ಎಲ್ಲ ಡಾಮಿನೆಂಟ್ ಕಾರ್ಡ್‌ಗಳೂ ಆ ಮೂರು ಮಕ್ಕಳ ಮನೆಯಲ್ಲೇ ಸಿಕ್ಕವು. ಪುರಾಣ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಒಂದು ಸಲ ಕೇಳಿದರೆ ಯಾವ ವಿದ್ಯಾರ್ಥಿಯೂ ಮರೆಯುವುದಿಲ್ಲ.

ಇನ್ನು ಅವರ ವೃತ್ತಿಯ ಕಥೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದರೆ ಅದು ಅಂಥ ದೊಡ್ಡ ಏರಿಳಿತದ ಕಥೆ ಅಲ್ಲ. 1956ರ ಜೂನ್ 26ರ ರಾತ್ರಿ ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಕಾರು ಅಪಘಾತ. ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್, ಪಿಯಾನೊ ವಾದಕ ರಿಚಿ ಪೊವೆಲ್, ರಿಚಿಯ ಹೆಂಡತಿ ಮೂವರೂ ಹೋದರು. ಬ್ರೌನ್‌ಗೆ ಇನ್ನೂ 25. ರಿಚಿ ಯಾರು ಅಂದರೆ ಬಡ್ ಪೊವೆಲ್ ಅವರ ತಮ್ಮ. ಅವರಿದ್ದ ತಂಡವನ್ನು ಬ್ರೌನ್ ಜೊತೆ ಸೇರಿ ನಡೆಸುತ್ತಿದ್ದವರು ಡ್ರಮ್ಸ್‌ನ ಮ್ಯಾಕ್ಸ್ ರೋಚ್. ರಿಚಿಯ ಜಾಗಕ್ಕೆ ಅವರು ಕರೆಸಿಕೊಂಡದ್ದು ಹ್ಯಾರಿಸ್ ಅವರನ್ನು. ತನಗೆ ದೇವರಂತಿದ್ದ ಬಡ್ ಪೊವೆಲ್ ಅವರ ತಮ್ಮನ ಖಾಲಿ ಕುರ್ಚಿಯಲ್ಲಿ ಕೂರುವುದು ಎಂಥ ಅನುಭವ, ಯೋಚಿಸಿ. ಕೆಲವು ತಿಂಗಳು ನುಡಿಸಿ ಡೆಟ್ರಾಯಿಟ್‌ಗೆ ವಾಪಸ್ ಬಂದರು.

1960ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವರ ತಂಡ ಸೇರಿ ಊರು ಬಿಟ್ಟರು. ಆಗ ಮೂವತ್ತು ವಯಸ್ಸು. ನ್ಯೂಯಾರ್ಕ್‌ನಲ್ಲಿ ನೆಲೆಸಿದರು. 1963ರ ಡಿಸೆಂಬರ್‌ನಲ್ಲಿ ಟ್ರಂಪೆಟ್ ವಾದಕ ಲೀ ಮಾರ್ಗನ್ ಅವರ 'ದಿ ಸೈಡ್‌ವೈಂಡರ್' ರೆಕಾರ್ಡಿಂಗ್ ಆಯಿತು. ಜಾಝ್‌ನಲ್ಲಿ ಅಪರೂಪಕ್ಕೆ ಬರುವ ಹಿಟ್ ಅದು. ಕ್ರೈಸ್ಲರ್ ಕಾರಿನ ಟಿವಿ ಜಾಹೀರಾತಿಗೂ ಹೋಯಿತು. ಅದರಲ್ಲಿ ಪಿಯಾನೊ ಹ್ಯಾರಿಸ್, ಸ್ಯಾಕ್ಸೊಫೋನ್ ಜೋ ಹೆಂಡರ್ಸನ್. ಡೆಟ್ರಾಯಿಟ್‌ನ ಮೇಷ್ಟ್ರು, ಅವರ ಹಳೇ ಶಿಷ್ಯ. ಕೇಳುವವರಿಗೆ ಇದು ಗೊತ್ತೇ ಇರುವುದಿಲ್ಲ, ಅಲ್ವಾ? ಆಮೇಲೆ ಸ್ಯಾಕ್ಸೊಫೋನ್ ವಾದಕ ಕೋಲ್‌ಮನ್ ಹಾಕಿನ್ಸ್ ಜೊತೆ ಅವರ ಕೊನೆಯ ವರ್ಷಗಳಲ್ಲಿ ನುಡಿಸಿದರು. ಹಾಕಿನ್ಸ್ 1969ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಜಾಝ್ ಬೇರೆ ದಾರಿ ಹಿಡಿದಿತ್ತು. ಕೋಲ್ಟ್ರೇನ್ ಒಂದು ಕಡೆ ಹೋದರು, ಮೈಲ್ಸ್ ಡೇವಿಸ್ ಎಲೆಕ್ಟ್ರಿಕ್ ವಾದ್ಯ ಹಿಡಿದರು, ಜನ ರಾಕ್ ಕಡೆ ಹೋದರು. ಅನೇಕ ವಾದಕರು ಹೊಸ ಶೈಲಿಗೆ ಹೊಂದಿಕೊಂಡರು. ಹೊಟ್ಟೆಪಾಡು ಬೇರೆ ಇತ್ತು. ಹ್ಯಾರಿಸ್ ಹೊಂದಿಕೊಳ್ಳಲಿಲ್ಲ. ಪಾರ್ಕರ್, ಪೊವೆಲ್, ಮಂಕ್ ಎಲ್ಲಿಗೆ ತಂದು ನಿಲ್ಲಿಸಿದರೋ ಅಲ್ಲೇ ನಿಂತರು. ಆಮೇಲೆ ಬಂದದ್ದು ಅವರಿಗೆ ಹಿಡಿಸಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಕೋಲ್ಟ್ರೇನ್ ಅವರ 1960ರ ದಶಕದ ಸಂಗೀತ ಇಲ್ಲದ ಜಾಝ್ ನನಗೆ ಬೇಡ. ಹ್ಯಾರಿಸ್ ಅವರ ಹಟ ಅವರ ಕಿವಿಯನ್ನು ಸ್ವಲ್ಪ ಕಿರಿದು ಮಾಡಿತು ಅಂತಲೇ ನನ್ನ ಅಭಿಪ್ರಾಯ. ವಾದಕರಾಗಿ ಅವರು ತಾರೆ ಆಗದೆ ಉಳಿದದ್ದಕ್ಕೂ ಈ ಹಟ ಒಂದು ಕಾರಣ ಇರಬೇಕು.

ಆದರೆ ಅದೇ ಹಟ ಮೇಷ್ಟ್ರಿಗೆ ವರ ಆಯಿತು ನೋಡಿ. ಎಲ್ಲರೂ ಮುಂದೆ ಓಡುತ್ತಿದ್ದಾಗ ಇವರೊಬ್ಬರು ಒಂದೇ ಹತ್ತು ಹದಿನೈದು ವರ್ಷದ ಸಂಗೀತವನ್ನು ಜೀವನಪೂರ್ತಿ ಅಗೆಯುತ್ತಾ ಕೂತರು. ಅಗೆದಷ್ಟೂ ಸಿಕ್ಕಿತು. ಪಾರ್ಕರ್ 34ನೇ ವಯಸ್ಸಿಗೆ ಹೋದರು, ಪೊವೆಲ್ 41ಕ್ಕೆ. ಇಬ್ಬರೂ ಪಾಠ ಹೇಳುವಷ್ಟು ಬದುಕಲಿಲ್ಲ, ಬದುಕಿದ್ದರೂ ಹೇಳುತ್ತಿದ್ದರೋ ಇಲ್ಲವೋ. ಅವರ ಸಂಗೀತದ ವ್ಯಾಕರಣ ಇವತ್ತು ಇಷ್ಟು ಜನಕ್ಕೆ ಗೊತ್ತಿದ್ದರೆ ಅದರಲ್ಲಿ ಹ್ಯಾರಿಸ್ ಪಾಲು ದೊಡ್ಡದು.

ಮಂಕ್ ವಿಷಯ ಹೇಳದೆ ಮುಂದೆ ಹೋಗಲಾರೆ. ಹಡ್ಸನ್ ನದಿಯ ಆಚೆ ದಡದಲ್ಲಿ, ನ್ಯೂಜೆರ್ಸಿಯ ವೀಹಾಕನ್ ಅನ್ನುವ ಊರಿನಲ್ಲಿ ಒಂದು ಮನೆ. ಪನೋನಿಕಾ ಡಿ ಕೊನಿಗ್ಸ್‌ವಾರ್ಟರ್ ಎಂಬ ಶ್ರೀಮಂತ ಮಹಿಳೆಯದು. ರಾತ್‌ಚೈಲ್ಡ್ ಮನೆತನದವರು. ಜಾಝ್ ಕಲಾವಿದರ ಪೋಷಕಿ. ಮನೆ ತುಂಬ ಬೆಕ್ಕುಗಳು. ಕಿಟಕಿಯಿಂದ ನೋಡಿದರೆ ನದಿಯಾಚೆ ಮ್ಯಾನ್‌ಹಟನ್. ಮಂಕ್ ತಮ್ಮ ಕೊನೆಯ ವರ್ಷಗಳನ್ನು ಅಲ್ಲೇ ಕಳೆದರು. ಕಛೇರಿ ಬಿಟ್ಟಿದ್ದರು, ಪಿಯಾನೊ ಮುಟ್ಟುವುದೂ ಅಪರೂಪ ಆಗಿತ್ತು. ಅದೇ ಮನೆಯಲ್ಲಿ ಹ್ಯಾರಿಸ್ ಕೂಡ ಇದ್ದರು, ದಿನಾ ನುಡಿಸುತ್ತಿದ್ದರು. ಒಮ್ಮೆ ಮಂಕ್ ಎದ್ದು ಬಂದು, ಇಬ್ಬರೂ ಒಂದೇ ಹಾಡನ್ನು ಸರದಿ ಪ್ರಕಾರ ಮತ್ತೆ ಮತ್ತೆ ನುಡಿಸುತ್ತಾ ಹೋದದ್ದನ್ನು ಹ್ಯಾರಿಸ್ ಹೇಳಿಕೊಂಡಿದ್ದಾರೆ. ನನಗೆ ಹೊಟ್ಟೆಕಿಚ್ಚಾಗುವ ಪಾಠ ಅಂದರೆ ಇದೊಂದೇ. ಮಂಕ್ 1982ರ ಫೆಬ್ರವರಿಯಲ್ಲಿ ತೀರಿಕೊಂಡರು. ಪನೋನಿಕಾ 1988ರಲ್ಲಿ. ಹ್ಯಾರಿಸ್ ಮಾತ್ರ ಆ ಮನೆ ಬಿಡಲಿಲ್ಲ.

ಮಂಕ್ ಹೋದ ವರ್ಷವೇ ಹ್ಯಾರಿಸ್ ಇನ್ನು ಕೆಲವರ ಜೊತೆ ಸೇರಿ ಮ್ಯಾನ್‌ಹಟನ್‌ನ ಎಂಟನೇ ಅವೆನ್ಯೂನಲ್ಲಿ ಜಾಝ್ ಕಲ್ಚರಲ್ ಥಿಯೇಟರ್ ಶುರು ಮಾಡಿದರು. ಹಗಲು ಪಾಠ, ರಾತ್ರಿ ಕಛೇರಿ, ಆಮೇಲೆ ಬೆಳಗಿನ ಜಾವದವರೆಗೆ ಜ್ಯಾಮ್ ಸೆಷನ್, ಅಂದರೆ ಬಂದವರೆಲ್ಲ ಕೂಡಿ ನುಡಿಸುವುದು. ಹೆಂಡ ಮಾರುತ್ತಿರಲಿಲ್ಲ. ಜಾಝ್ ಕ್ಲಬ್ಬಿನ ಆದಾಯವೆಲ್ಲ ಬಾರಿನಿಂದ ಬರುವುದು. ಅದನ್ನೇ ಬಿಟ್ಟರೆ ದುಡ್ಡು ಎಲ್ಲಿಂದ ಬರಬೇಕು? ಆದರೆ ಹೆಂಡ ಇಲ್ಲದ್ದರಿಂದ ಚಿಕ್ಕ ವಯಸ್ಸಿನವರೂ ಒಳಗೆ ಬರಬಹುದಿತ್ತು. ಕಲಿಯುವವರು, ಕಲಿಸುವವರು, ನುಡಿಸುವವರು ಒಂದೇ ಕೋಣೆಯಲ್ಲಿ. ಡೆಟ್ರಾಯಿಟ್‌ನ ಅಮ್ಮನ ಮನೆಯನ್ನೇ ನ್ಯೂಯಾರ್ಕ್‌ನ ಬೀದಿಗೆ ತಂದ ಹಾಗೆ. ಐದು ವರ್ಷ ನಡೆಯಿತು. 1987ರಲ್ಲಿ ಮುಚ್ಚಿತು. ಬಾಡಿಗೆ ಕಟ್ಟುವುದು ಕೈ ಮೀರಿತ್ತು.

ಜಾಗ ಹೋಯಿತು, ಪಾಠ ನಿಲ್ಲಲಿಲ್ಲ. ಬೇರೆ ಬೇರೆ ಸಭಾಂಗಣಗಳಲ್ಲಿ ವಾರಕ್ಕೊಂದು ಕ್ಲಾಸ್ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ನಡೆಯಿತು. ನಡುವೆ ಯುರೋಪಿಗೆ, ಜಪಾನಿಗೆ ಹೋಗಿ ಅಲ್ಲೂ ಪಾಠ. 1989ರಲ್ಲಿ ಅಮೆರಿಕ ಸರ್ಕಾರದ ಕಲಾ ನಿಧಿ ಜಾಝ್ ಮಾಸ್ಟರ್ ಗೌರವ ಕೊಟ್ಟಿತು. ಆ ಕ್ಲಾಸುಗಳ ವಿಡಿಯೊ ಯೂಟ್ಯೂಬ್‌ನಲ್ಲಿ ರಾಶಿ ಬಿದ್ದಿವೆ. ಒಂದನ್ನಾದರೂ ನೋಡಿ. ಬೆನ್ನು ಬಾಗಿದ ಮುದುಕರೊಬ್ಬರು ಪಿಯಾನೊ ಮುಂದೆ ಕೂತಿರುತ್ತಾರೆ. ಸುತ್ತ ಜನ ಮುತ್ತಿಕೊಂಡಿರುತ್ತಾರೆ. ನಿನ್ನೆ ಶುರು ಮಾಡಿದವರೂ ಇದ್ದಾರೆ, ಕಛೇರಿ ಮಾಡಿಕೊಂಡಿರುವವರೂ ಇದ್ದಾರೆ. ಬೇರೆ ಬೇರೆ ತರಗತಿ ಇಲ್ಲ. ಅವರು ಒಂದು ಸಾಲನ್ನು ಬಾಯಲ್ಲಿ ಹಾಡುತ್ತಾರೆ, ಸ್ವರಗಳ ಸಂಖ್ಯೆ ಹೇಳುತ್ತಾರೆ, ಎಲ್ಲರೂ ನುಡಿಸುತ್ತಾರೆ. ಅದರ ಬಾಲಕ್ಕೆ ಇನ್ನೊಂದು ತುಂಡು ಸೇರಿಸುತ್ತಾರೆ. ಆಗಲೇ, ಅಲ್ಲೇ ಹುಟ್ಟಿದ ಸಾಲು. ಸರಿ ಬರದಿದ್ದರೆ ಗದರುತ್ತಾರೆ. ತಮಾಷೆಗಲ್ಲ, ನಿಜವಾಗಿಯೇ ಗದರುತ್ತಾರೆ. ನಮ್ಮ ಸಂಗೀತ ಪಾಠಕ್ಕೆ ಹೋದವರಿಗೆ ಇದೆಲ್ಲ ಹೊಸದು ಅನ್ನಿಸುವುದೇ ಇಲ್ಲ.

ಅಮೆರಿಕದಲ್ಲಿ ಮಾತ್ರ ಆ ಹೊತ್ತಿಗೆ ಇದು ಹಳೇ ಕಾಲದ ರೀತಿ ಆಗಿತ್ತು. ಜಾಝ್ ಕಾಲೇಜು ಸೇರಿತ್ತು. ಟೆಕ್ಸಸ್‌ನ ಒಂದು ಕಾಲೇಜು 1947ರಲ್ಲೇ ಜಾಝ್‌ಗೆ ಪದವಿ ಕೋರ್ಸ್ ತೆರೆದಿತ್ತು. ಆಮೇಲೆ ಎಲ್ಲ ಕಡೆ ಬಂತು. ಕಾಲೇಜಿನಲ್ಲಿ ಹೆಚ್ಚಾಗಿ ಕಲಿಸುವುದು ಪ್ರತಿ ಕಾರ್ಡ್‌ಗೂ ಒಂದೊಂದು ಸ್ಕೇಲ್. ಎರಡು ಸೆಕೆಂಡಿಗೊಮ್ಮೆ ಸ್ಕೇಲ್ ಬದಲಿಸುತ್ತಾ ತಲೆ ಕೆಟ್ಟು ಹೋಗುತ್ತದೆ. ಹ್ಯಾರಿಸ್ ಎರಡು ಮೂರು ಕಾರ್ಡ್‌ಗಳನ್ನು ಒಂದೇ ಡಾಮಿನೆಂಟ್ ಸ್ಕೇಲಿನ ಕೆಳಗೆ ತಂದುಬಿಡುತ್ತಿದ್ದರು. ಯೋಚಿಸುವುದು ಕಡಿಮೆ, ಹಾಡು ಜಾಸ್ತಿ. ಕಾಲೇಜಿನವರು ಈ ಸಂಗೀತವನ್ನು ಕೆಡಿಸುತ್ತಿದ್ದಾರೆ ಅಂತ ಅವರಿಗೆ ಸಿಟ್ಟಿತ್ತು. ಅದು ಪೂರ್ತಿ ನ್ಯಾಯ ಅಲ್ಲ. ಪಿಯಾನೊದವರಲ್ಲೇ ಕಾಲೇಜು ಸೇರಿ ಒಳ್ಳೆ ಪಾಠ ಹೇಳಿದವರಿದ್ದಾರೆ. ಕೆನ್ನಿ ಬ್ಯಾರನ್ 1973ರಿಂದ 2000ದವರೆಗೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿದ್ದರು. ಮೇರಿ ಲೂ ವಿಲಿಯಮ್ಸ್ ತಮ್ಮ ಕೊನೆಯ ನಾಲ್ಕು ವರ್ಷ ಡ್ಯೂಕ್‌ನಲ್ಲಿ ಕಲಿಸಿದರು. ನ್ಯೂ ಆರ್ಲಿಯನ್ಸ್‌ನ ಎಲಿಸ್ ಮಾರ್ಸಾಲಿಸ್ 2020ರಲ್ಲಿ ಕೋವಿಡ್‌ನಿಂದಲೇ ಹೋದರು. ಅವರ ಕೈಕೆಳಗೆ ಬೆಳೆದವರಲ್ಲಿ ಅವರ ಸ್ವಂತ ಮಕ್ಕಳೇ ಇದ್ದಾರೆ.

ಕೋವಿಡ್ ಬಂದಾಗ ಹ್ಯಾರಿಸ್‌ಗೆ ತೊಂಬತ್ತು. ಕ್ಲಾಸ್ ಮುಚ್ಚಬೇಕಾಯಿತು. ಝೂಮ್‌ನಲ್ಲಿ ಶುರು ಮಾಡಿದರು. ವಾರಕ್ಕೊಮ್ಮೆ ನ್ಯೂಯಾರ್ಕ್‌ಗೆ ಹೋಗಲಾಗದ ಜನ ಎಲ್ಲೆಲ್ಲಿಂದಲೋ ಸೇರಿಕೊಂಡರು.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: ಜಾಝ್ ಗೊತ್ತಿಲ್ಲದವರು ಇವರನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು? ನಾನು ಹೇಳಿದ್ದು ಇದು. ಮೊದಲು 'ದಿ ಸೈಡ್‌ವೈಂಡರ್' ಕೇಳಿ. ತುತ್ತೂರಿ ಬಿಟ್ಟು, ಹಿಂದೆ ಒಂದೇ ತುಂಡನ್ನು ಮತ್ತೆ ಮತ್ತೆ ಹೇಳುವ ಪಿಯಾನೊ ಕಡೆ ಗಮನ ಕೊಡಿ. ಆಮೇಲೆ 1960ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜಾಝ್ ವರ್ಕ್‌ಶಾಪ್ ಕ್ಲಬ್ಬಿನಲ್ಲಿ ಬರೀ ಬಾಸ್, ಡ್ರಮ್ಸ್ ಜೊತೆ ನುಡಿಸಿದ ರೆಕಾರ್ಡ್. ಆಮೇಲೆ 1976ರ ಟೋಕಿಯೊ ಕಛೇರಿ. ಮನೆಯಲ್ಲಿ ಹಾರ್ಮೋನಿಯಂ ಇದ್ದವರು ಸನಿ, ನಿದ, ಪಮ, ಗರಿ ಅಂತ ತಾಳ ಹಾಕುತ್ತಾ ಒಂದು ಸಲ ಇಳಿದು ನೋಡಿ, ನಂತರ ಕೇಳಿ. ಕಿವಿಗೆ ಸಿಗುವುದೇ ಬೇರೆ. ಪ್ರಶ್ನೆ ಕೇಳಿದವರು ಹಾರ್ಮೋನಿಯಂ ಇಲ್ಲ, ಮೊಬೈಲಿನ ಆ್ಯಪ್‌ನಲ್ಲಿ ಆಗುತ್ತದಾ ಅಂದರು. ಧಾರಾಳವಾಗಿ ಆಗುತ್ತದೆ.